ಸೈಕಲ್ಲಿನ ಚಿತ್ರಗಳು, ಸೈಕಲ್ ತುಳಿದವರ ಊರಿನಲ್ಲಿ

ನಗರದ ಬೀದಿಗಳಲ್ಲಿ ಸೈಕಲ್ ತುಳಿಯುವವರ ದುಡಿಮೆ, ಸಂತೋಷ ಮತ್ತು ಹಕ್ಕುಗಳನ್ನು ವಸ್ತುವಾಗಿ ಉಳ್ಳ ಚಿತ್ರಗಳನ್ನು ಆರಿಸಿ, ಬಡಾವಣೆಯ ಜನರು ಒಟ್ಟಿಗೆ ಕುಳಿತು ನೋಡಿ ಚರ್ಚಿಸುವ ಕೂಟವನ್ನು ಸೈಕಲ್ ಚಿತ್ರಪ್ರದರ್ಶನವೆನ್ನಬಹುದು. ಇದರ ಪ್ರಸಿದ್ಧ ರೂಪವಾದ ‘ಬೈಸಿಕಲ್ ಫಿಲ್ಮ್ ಫೆಸ್ಟಿವಲ್’ ಎಂಬ ಉತ್ಸವವನ್ನು, ಸೈಕಲ್ ಮೇಲೆ ಹೋಗುತ್ತಿದ್ದಾಗ ಬಸ್ಸು ಬಡಿದು ಗಾಯಗೊಂಡಿದ್ದ ಬ್ರೆಂಟ್ ಬಾರ್ಬರ್ ಅವರು 2001ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದರು. ಮುಂದೆ ಅದು ಜಗತ್ತಿನ ಹಲವು ನಗರಗಳಿಗೆ ಹಬ್ಬಿತು. ಚಿತ್ರವನ್ನು ಸಮುದಾಯವಾಗಿ ನೋಡುವ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅವರ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳು ಹಳ್ಳಿಯ ಪ್ರೇಕ್ಷಕರಿಗೂ ಸಲ್ಲುತ್ತವೆಂಬುದನ್ನು ತೋರಿಸಿಕೊಟ್ಟಿತು.

ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಪ್ರದರ್ಶನಕ್ಕೆ ವಿಶೇಷ ಅರ್ಥವಿದೆ, ಏಕೆಂದರೆ ಉತ್ತರ ಕರ್ನಾಟಕದಲ್ಲಿ ಸೈಕಲ್ ಎಂದರೆ ಮೊದಲಿಗೆ ದುಡಿಯುವವರ ವಾಹನ. ವಿಟ್ಟೋರಿಯೊ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948) ಚಿತ್ರದಲ್ಲಿ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗಬೇಕಾದರೆ ಸ್ವಂತ ಸೈಕಲ್ ಇರಲೇಬೇಕಾಗಿದ್ದು, ಅದು ಕಳುವಾದೊಡನೆ ಒಂದು ಸಂಸಾರದ ಅನ್ನವೇ ಕೈತಪ್ಪುತ್ತದೆ. ಕ್ಯಾರಿಯರ್‌ಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬೆಳಗಿನಲ್ಲೇ ಊರೊಳಗೆ ಬರುವವರನ್ನು ಕಂಡ ಪ್ರೇಕ್ಷಕರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕಿಂತಲೂ ಆಪ್ತವಾಗಬಲ್ಲದ್ದು ಇರಾನಿನ ಮೊಹ್ಸಿನ್ ಮಖ್ಮಲ್‌ಬಾಫ್ ಅವರು 1980ರ ದಶಕದಲ್ಲಿ ನಿರ್ದೇಶಿಸಿದ ‘ದಿ ಸೈಕ್ಲಿಸ್ಟ್’. ಹೆಂಡತಿಯ ಚಿಕಿತ್ಸೆಯ ಹಣಕ್ಕಾಗಿ ಆಫ್ಘನ್ ನಿರಾಶ್ರಿತನೊಬ್ಬನು ಏಳು ದಿನ ಸೈಕಲ್ಲಿನಿಂದ ಇಳಿಯದೆ ವೃತ್ತಾಕಾರವಾಗಿ ಸುತ್ತುತ್ತಾನೆ, ಸುತ್ತಲೂ ಜನ ಬಾಜಿ ಕಟ್ಟುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಬರುತ್ತಿದ್ದ ಸೈಕಲ್ ಸರ್ಕಸ್ಸಿನ ಕಲಾವಿದನೂ ಬಯಲಿನ ನಡುವೆ ಹಗಲಿರುಳು ಹೀಗೆಯೇ ಸುತ್ತುತ್ತಿದ್ದನು. ಊಟ, ಸ್ನಾನ ಎಲ್ಲವೂ ಸೈಕಲ್ ಮೇಲೆಯೇ ನಡೆಯುತ್ತಿದ್ದವು, ಸಂಜೆಯಾದರೆ ಹಲ್ಲಿನಿಂದ ಭಾರ ಎತ್ತುವ ಸಾಹಸ ಮತ್ತು ಸಿನಿಮಾ ಹಾಡುಗಳ ರೆಕಾರ್ಡ್ ಡ್ಯಾನ್ಸ್ ಇರುತ್ತಿದ್ದವು, ಮೆಚ್ಚಿದವರು ಅವನ ಅಂಗಿಗೆ ನೋಟು ಸಿಕ್ಕಿಸುತ್ತಿದ್ದರು. ಆ ಆಟವನ್ನು ಮನರಂಜನೆಯೆಂದು ನೋಡಿದ ತಲೆಮಾರು ಈ ಚಿತ್ರವನ್ನು ಕಂಡಾಗ, ಸುತ್ತುವವನ ಮನೆಯ ಹಸಿವು ಮೊದಲ ಬಾರಿಗೆ ಎದುರಿಗೆ ಬರುತ್ತದೆ. ಚಿತ್ರಪ್ರದರ್ಶನವೊಂದರಿಂದ ಇದಕ್ಕಿಂತ ದೊಡ್ಡ ಪ್ರಯೋಜನವನ್ನು ಕೇಳಲಾಗದು.

ದುಡಿಮೆಯಿಂದ ಹಕ್ಕಿನ ಕಡೆಗೆ ಬಂದರೆ, ಹೈಫಾ ಅಲ್-ಮನ್ಸೂರ್ ಅವರ ‘ವಜ್ದಾ’ (2012) ಸೈಕಲ್ಲಿಗಾಗಿ ಹಟ ಹಿಡಿದ ಸೌದಿ ಅರೇಬಿಯಾದ ಬಾಲಕಿಯ ಕಥೆ. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ತೊಡಗಿದ ಮೇಲೆ, ಹೈಸ್ಕೂಲಿಗಾಗಿ ಪಕ್ಕದ ಊರಿಗೆ ಹೋಗಬೇಕಾಗಿದ್ದ ಹೆಣ್ಣುಮಕ್ಕಳ ಓಡಾಟ ಎಷ್ಟು ಬದಲಾಯಿತೆಂಬುದನ್ನು ಬಲ್ಲ ತಾಯಂದಿರು ಈ ಚಿತ್ರದ ಚರ್ಚೆಯಲ್ಲಿ ಇರಲೇಬೇಕು.

ಕೆಲವೆಡೆ ಇಂಥ ಪ್ರದರ್ಶನಗಳಿಗೆ ವಿದ್ಯುತ್ತನ್ನೂ ಸೈಕಲ್ಲಿನಿಂದಲೇ ಪಡೆಯುತ್ತಾರೆ. ಹಿಂಬದಿಯ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಅದರ ತಿರುಗುವಿಕೆಯನ್ನು ಜನರೇಟರಿಗೆ ಒದಗಿಸಲಾಗುತ್ತದೆ. ಹಳೆಯ ಸೈಕಲ್ಲುಗಳ ಡೈನಮೊ ದೀಪದ ತತ್ತ್ವವೇ ಇಲ್ಲಿಯದೂ. ಆದರೆ ಆ ಡೈನಮೊ ಕೊಡುತ್ತಿದ್ದದ್ದು ಸುಮಾರು 3 ವ್ಯಾಟ್ ಮಾತ್ರ. ಆರೋಗ್ಯವಂತರೊಬ್ಬರು ಸತತವಾಗಿ ತುಳಿದು 75ರಿಂದ 100 ವ್ಯಾಟ್ ಕೊಡಬಲ್ಲರಾದ್ದರಿಂದ, ಸಣ್ಣ ಎಲ್‌ಇಡಿ ಪ್ರೊಜೆಕ್ಟರ್ ಮತ್ತು ಧ್ವನಿವರ್ಧಕಕ್ಕೆ ಮೂರು-ನಾಲ್ಕು ಮಂದಿ ಸರದಿಯಲ್ಲಿ ತುಳಿದರೆ ಸಾಕಾಗುತ್ತದೆ. ನಡುವೆ ಬ್ಯಾಟರಿಯೊಂದಿದ್ದರೆ ತುಳಿತದ ಏರಿಳಿತದಿಂದ ಚಿತ್ರ ನಿಲ್ಲುವುದಿಲ್ಲ.

ಚಿತ್ರ ಮುಗಿದ ಬಳಿಕದ ಚರ್ಚೆಗೆ ಅವಳಿನಗರವೇ ವಿಷಯ ಒದಗಿಸುತ್ತದೆ. ಹುಬ್ಬಳ್ಳಿಯದು ಎರೆಭೂಮಿಯ ಬಯಲು, ಧಾರವಾಡದ್ದು ಮಲೆನಾಡಿನ ಸೆರಗಿನ ಏರು-ಇಳಿಜಾರು. 1962ರಲ್ಲಿ ಒಂದೇ ಪಾಲಿಕೆಯಡಿ ಬಂದ, ಸುಮಾರು 20 ಕಿಲೋಮೀಟರ್ ಅಂತರದ ಈ ಊರುಗಳಿಗೆ ಒಂದೇ ಬಗೆಯ ಸೈಕಲ್ ಯೋಜನೆ ಹೊಂದದು. ಎರಡರ ನಡುವೆ ‘ಚಿಗರಿ’ ಬಸ್ಸುಗಳಿಗೆ ಮೀಸಲು ಪಥವಿದೆ, ಉಣಕಲ್ ನಾಲೆಯ ದಂಡೆಗುಂಟ ನಡಿಗೆ ಮತ್ತು ಸೈಕಲ್ಲಿಗೆ ಹಸಿರು ಪಥದ ಯೋಜನೆ ರೂಪುಗೊಂಡಿದೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಡನೆ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ವ್ಯವಸ್ಥೆಯ ಅನುಭವವೂ ಕಣ್ಣೆದುರಿಗಿದೆ. ಇಂಥ ಯೋಜನೆಗಳನ್ನು ರೂಪಿಸುವ ಅಧಿಕಾರಿಗಳು, ಪಂಕ್ಚರ್ ತಿದ್ದುವವರು, ಪತ್ರಿಕೆ ಹಂಚುವ ಹುಡುಗರು ಮತ್ತು ಶಾಲೆಯ ಮಕ್ಕಳು ಒಂದೇ ಪರದೆಯ ಮುಂದೆ ಕುಳಿತರೆ, ಬಸ್ ನಿಲ್ದಾಣದಿಂದ ಮನೆಯವರೆಗಿನ ಕೊನೆಯ ಎರಡು ಕಿಲೋಮೀಟರಿನಲ್ಲಿ ಸೈಕಲ್ ಸವಾರರಿಗೆ ಎಲ್ಲಿ ಅಂಜಿಕೆಯಾಗುತ್ತದೆ, ಎಲ್ಲಿ ನೆರಳು ಬೇಕು, ಸೈಕಲ್ ನಿಲ್ಲಿಸಲು ಎಲ್ಲಿ ಜಾಗವಿಲ್ಲ ಎಂಬುದನ್ನು ತುಳಿಯುವವರ ಬಾಯಿಂದಲೇ ಕೇಳಬಹುದು.