ಕಟ್ಟಿದ ನಾಯಿಗೆ ನೆರಳು
ಸೊಲ್ಲಾಪುರ, ಅಕ್ಕಲಕೋಟಗಳ ಕಡೆ ವೈಶಾಖದ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ನಮಗೆ ಹೊಸದಲ್ಲ. ನಾವು ಬೆವರಿ ತಣಿಯುತ್ತೇವೆ. ನಾಯಿಯ ಬೆವರಾದರೋ ಬಹುಮಟ್ಟಿಗೆ ಅಂಗಾಲಿಗಷ್ಟೇ ಸೀಮಿತ. ನಾಲಗೆ ಚಾಚಿ ತೇಕುವುದೇ ಅದರ ಮುಖ್ಯ ಉಪಾಯ. ಬಿಟ್ಟ ನಾಯಿ ತಾನೇ ನೆರಳು ಹುಡುಕಿಕೊಳ್ಳುತ್ತದೆ. ಕಟ್ಟಿದ ನಾಯಿಗೆ ಆ ಸ್ವಾತಂತ್ರ್ಯವಿಲ್ಲ. ಬೆಳಿಗ್ಗೆ ನೆರಳಿದ್ದ ಕಂಬದ ಬುಡ ಮಧ್ಯಾಹ್ನ ಬಿಸಿಲಿಗೆ ಬೀಳುತ್ತದೆ. ತಗಡಿನ ಮಾಡಿನ ಕೆಳಗಂತೂ ಒಲೆಯ ಕಾವು. ಆದುದರಿಂದ ಬೇವಿನ ಮರದಡಿ ಕಟ್ಟಿ, ನೆರಳು ಸರಿದಂತೆ ಜಾಗ ಬದಲಿಸೋಣ; ಮಗುಚದಂತಹ ಮಣ್ಣಿನ ಪಾತ್ರೆಯಲ್ಲಿ ನೀರಿಡೋಣ. ನಾಯಿ ವಿಪರೀತ ತೇಕಿ, ಜೊಲ್ಲು ಸುರಿಸಿ ತೂರಾಡಿದರೆ ಒಡನೆ ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಇರುಳೆಲ್ಲ ನಮ್ಮ ಬಾಗಿಲು ಕಾಯುವ ಜೀವವನ್ನು ಹಗಲು ನಾವು ಕಾಯುವುದು ನ್ಯಾಯವಲ್ಲವೆ?