ಮೂರು ಸಾವಿರ ವೋಲ್ಟಿಗೊಂದು ಕಡಿವಾಣ

ಹವ್ಯಾಸಿ ರೇಡಿಯೋದ ಗೀಳು ಹತ್ತಿದವರ ಮನೆಯಲ್ಲಿ ಒಂದಲ್ಲ ಒಂದು ದಿನ ವರ್ಧಕದ ಮಾತು ಬಂದೇ ಬರುತ್ತದೆ. ನೂರು ವ್ಯಾಟಿನ ಪ್ರೇಷಕ ನಮ್ಮ ದನಿಯನ್ನು ಕಡಲಾಚೆಗೆ ಒಯ್ಯಬಲ್ಲುದೇನೋ ನಿಜ. ಆದರೆ ಆಕಾಶ ಮುನಿಸಿಕೊಂಡ ರಾತ್ರಿಗಳಲ್ಲಿ ಅದೇ ದನಿ ಗದ್ದಲದಲ್ಲಿ ಕರಗಿಹೋಗುತ್ತದೆ. ಪ್ರೇಷಕಕ್ಕೂ ಆಂಟೆನಾಕ್ಕೂ ನಡುವೆ ನಿಂತು ದನಿಗೆ ಕಸುವು ತುಂಬುವ ಪೆಟ್ಟಿಗೆಯೇ ವರ್ಧಕ. ಅಂಥ ಒಂದು ಹಳೆಯ ವಾಲ್ವು ವರ್ಧಕವನ್ನು ಬಾಳಿಕೆ ಬರುವಂತೆ ತಿದ್ದಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕಸುವನ್ನು ಹೆಚ್ಚಿಸುವ ಗೋಜಿಗೆ ನಾನು ಹೋಗಿಲ್ಲ.

ಪೆಟ್ಟಿಗೆಯ ಹೆಸರು ಹೀತ್‌ಕಿಟ್ ಎಸ್‌ಬಿ-220. ಅಮೆರಿಕದ ಮಿಷಿಗನ್ ಪ್ರಾಂತದ ಬೆಂಟನ್ ಹಾರ್ಬರಿನಲ್ಲಿದ್ದ ಹೀತ್ ಕಂಪೆನಿ ಇದನ್ನು 1970ರ ಸುಮಾರಿಗೆ ಹೊರತಂದಿತು. ಬಿಡಿಭಾಗಗಳನ್ನೂ ಕೈಪಿಡಿಯನ್ನೂ ಕಂಪೆನಿ ಕಳುಹಿಸುತ್ತಿತ್ತು. ಕೊಂಡವನೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕಿತ್ತು. ಆ ಕಿಟ್ಟುಗಳ ವ್ಯಾಪಾರ 1992ರಲ್ಲಿ ನಿಂತುಹೋಯಿತು. ಹೀಗಾಗಿ ಮುಚ್ಚಳ ತೆಗೆದರೆ ಒಳಗೆ ಕಾಣುವುದು ಎಂದೂ ನೋಡದ ಒಬ್ಬ ಹವ್ಯಾಸಿಯ ಕೈಕೆಲಸ. ನನ್ನ ಕೈಗೆ ಬಂದ ಪೆಟ್ಟಿಗೆಯನ್ನು ಜೋಡಿಸಿದವನು ತಂತಿಗಳನ್ನು ದಾರದಲ್ಲಿ ಕಟ್ಟಿದ ಅಚ್ಚುಕಟ್ಟನ್ನು ಕಂಡು, ಇದರ ಮೇಲೆ ಕೈಯಿಡಲು ನನಗೇನು ಹಕ್ಕು ಎಂದು ಕೊಂಚ ಸಂಕೋಚವಾದದ್ದುಂಟು.

ಒಳಗಿರುವ ವಾಲ್ವುಗಳು ಎರಡು, 3-500ಝಡ್ ಜಾತಿಯವು. ಒಂದೊಂದರ ತಂತುವೂ 5 ವೋಲ್ಟಿನಲ್ಲಿ ಹದಿನಾಲ್ಕೂವರೆ ಆಂಪಿಯರು ಕುಡಿಯುತ್ತದೆ. ಬರಿಯ ಕಾವಿಗೇ ಎರಡಕ್ಕೂ ಸೇರಿ 145 ವ್ಯಾಟು ಖರ್ಚು. ಧನಾಗ್ರಕ್ಕೆ ಬೇಕಾದದ್ದು ಸುಮಾರು 3000 ವೋಲ್ಟು. ಅದನ್ನು ಹಿಡಿದಿಡಲು 200 ಮೈಕ್ರೋಫ್ಯಾರಡಿನ ಎಂಟು ಕೆಪಾಸಿಟರುಗಳು ಸರಪಳಿಯಂತೆ ಕೂತಿವೆ. ಲೆಕ್ಕ ಹಾಕಿದರೆ ಆ ಸಾಲಿನಲ್ಲಿ ಅಡಗಿರುವ ಶಕ್ತಿ ಸುಮಾರು 112 ಜೂಲು: ಹನ್ನೊಂದು ಕಿಲೋ ಭಾರವನ್ನು ಒಂದು ಮೀಟರು ಎತ್ತರದಿಂದ ಬೀಳಿಸಿದಾಗ ನೆಲಕ್ಕೆ ತಗಲುವಷ್ಟು. ಕೇಳಲು ಅಲ್ಪವೆನ್ನಿಸೀತು. ಆದರೆ ಅದು ಬೆರಳಿನಿಂದ ಎದೆಗೆ ದಾರಿ ಹುಡುಕಿಕೊಂಡರೆ ಮನುಷ್ಯ ಎರಡನೆಯ ಬಾರಿ ಎಚ್ಚರ ವಹಿಸುವ ಪ್ರಸಂಗವೇ ಬರುವುದಿಲ್ಲ.

ಇಂಥ ಯಂತ್ರಕ್ಕೆ ಮೊದಲ ಗಂಡಾಂತರ ಸ್ವಿಚ್ಚು ಒತ್ತಿದ ಕ್ಷಣದಲ್ಲಿ. ತಣ್ಣಗಿರುವ ತಂತುವಿನ ರೋಧ, ಕಾದ ತಂತುವಿನದರ ಒಂದು ಸಣ್ಣ ಪಾಲು ಮಾತ್ರ. ಖಾಲಿಯಾದ ಕೆಪಾಸಿಟರುಗಳೂ ಅದೇ ಕ್ಷಣದಲ್ಲಿ ಬಾಯಿ ತೆರೆದು ನಿಂತಿರುತ್ತವೆ. ಒಣಗಿದ ಕಾಲುವೆಗೆ ಕೆರೆಯ ತೂಬನ್ನು ಒಮ್ಮೆಲೇ ಎತ್ತಿದರೆ ಬದುವೇ ಕಿತ್ತುಹೋಗುತ್ತದೆ. ಅನುಭವಸ್ಥ ನೀರಗಂಟಿ ಮೊದಲು ನಾಲ್ಕು ಬೆರಳಷ್ಟೇ ಎತ್ತಿ, ಕಾಲುವೆ ನೆನೆದ ಮೇಲೆ ಪೂರ್ತಿ ಬಿಡುತ್ತಾನೆ. ಇಲ್ಲಿಯೂ ಹಾಗೆಯೇ. ವಿದ್ಯುತ್ತು ಒಳಬರುವ ದಾರಿಯಲ್ಲಿ 25 ಓಮಿನ ದಪ್ಪ ರೋಧಕವೊಂದನ್ನು ಸೇರಿಸಿದೆ. ನಮ್ಮ 230 ವೋಲ್ಟು ಅಲೆಯ ತುದಿಯಲ್ಲಿ 325 ಆಗುತ್ತದಾದ್ದರಿಂದ, ಎಂಥ ನೂಕು ಬಂದರೂ ಪ್ರವಾಹ 13 ಆಂಪಿಯರನ್ನು ದಾಟಲಾರದು. ಎರಡು ಸೆಕೆಂಡಾದ ಮೇಲೆ ಒಂದು ರಿಲೇ ಟಕ್ಕೆಂದು ಬಿದ್ದು ರೋಧಕವನ್ನು ಬದಿಗೊತ್ತುತ್ತದೆ.

ಎರಡನೆಯ ಗಂಡಾಂತರ ವಾಲ್ವಿನ ಒಳಗಿನದು. ವರ್ಷಗಟ್ಟಲೆ ಉರಿಯದೆ ಕುಳಿತ ವಾಲ್ವಿನ ನಿರ್ವಾತದಲ್ಲಿ ಎಲ್ಲಿಂದಲೋ ಒಂದಿಷ್ಟು ಅನಿಲ ಸೇರಿಕೊಳ್ಳುತ್ತದೆ. ಮೂರು ಸಾವಿರ ವೋಲ್ಟು ತಗಲಿದೊಡನೆ ಒಳಗೇ ಮಿಂಚು. ಆಗ ಕೆಪಾಸಿಟರುಗಳ ಸಂಗ್ರಹವೆಲ್ಲ ಒಂದೇ ಉಸಿರಿಗೆ ನುಗ್ಗಿ, ದಾರಿಯಲ್ಲಿ ಸಿಕ್ಕ ಮೀಟರನ್ನೂ ಡಯೋಡುಗಳನ್ನೂ ಸುಟ್ಟುಹಾಕುತ್ತದೆ. ಇದಕ್ಕೆ ಮದ್ದು ಧನಾಗ್ರದ ತಂತಿಯಲ್ಲಿ ಹತ್ತು ಓಮಿನ ಒಂದು ತಂತಿಸುತ್ತಿನ ರೋಧಕ. ಎಂದಿನ ಕೆಲಸದಲ್ಲಿ 0.8 ಆಂಪಿಯರು ಹರಿಯುವಾಗ ಅದು ತಿನ್ನುವುದು ಮೂರು ಸಾವಿರದಲ್ಲಿ ಎಂಟೇ ವೋಲ್ಟು. ಅವಘಡದ ಕ್ಷಣದಲ್ಲಾದರೋ ಪ್ರವಾಹವನ್ನು ಮುನ್ನೂರು ಆಂಪಿಯರಿಗೆ ತಡೆದು, ಹೊಡೆತದ ಬಹುಪಾಲನ್ನು ತನ್ನ ಮೈಮೇಲೆ ಎಳೆದುಕೊಳ್ಳುತ್ತದೆ. ಹೋದರೆ ಒಂದು ರೋಧಕ ಹೋಯಿತು. ವಾಲ್ವಿನ ಬೆಲೆಯನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮೀಟರಿನ ರಕ್ಷಣೆಗೆ ಬೇರೆ ಎರಡು ಡಯೋಡುಗಳನ್ನೂ ಹಾಕಿದೆ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಕೆಪಾಸಿಟರುಗಳ ಸಾಲು. ಐವತ್ತು ವರ್ಷಕ್ಕೆ ಅವುಗಳ ಒಳಗಿನ ರಸ ಒಣಗಿರುತ್ತದೆ. ಎಂಟನ್ನೂ ಬದಲಿಸಲೇಬೇಕು, ಅದರಲ್ಲಿ ಚರ್ಚೆಯಿಲ್ಲ. ಆದರೆ ಒಂದೊಂದರ ಮೇಲೂ 30,000 ಓಮಿನ ರೋಧಕವೊಂದು ಕೂತಿದೆ. ವೋಲ್ಟೇಜನ್ನು ಎಂಟಕ್ಕೂ ಸಮನಾಗಿ ಹಂಚುವುದು, ಯಂತ್ರ ಆರಿದ ಮೇಲೆ ಸಂಗ್ರಹವನ್ನು ಬಸಿಯುವುದು, ಇವೆರಡೂ ಅದರ ಕೆಲಸ. ಆದರೆ ಎಂಟೂ ಸೇರಿ 37 ವ್ಯಾಟಿನ ಬಿಸಿಯನ್ನು ಸದಾ ಕೆಪಾಸಿಟರುಗಳ ಪಕ್ಕದಲ್ಲೇ ಕಾರುತ್ತವೆ. ರಸ ಒಣಗಲು ಇದೂ ಒಂದು ಕಾರಣ. ಹೊಸ ಕೆಪಾಸಿಟರುಗಳಲ್ಲಿ ಸೋರಿಕೆ ಕಡಮೆಯಾದ್ದರಿಂದ 1,00,000 ಓಮಿನವನ್ನು ಹಾಕಬಹುದು. ಬಿಸಿ 11 ವ್ಯಾಟಿಗೆ ಇಳಿಯುತ್ತದೆ. ಹವ್ಯಾಸಿಗಳಲ್ಲಿ ಬಹುಮಂದಿ ಹೀಗೆ ಮಾಡಿ ನಿಶ್ಚಿಂತರಾಗುತ್ತಾರೆ. ಆದರೆ ಬಿಸಿ ಇಳಿದಷ್ಟೇ ಮಟ್ಟಿಗೆ ಬಸಿಯುವ ವೇಗವೂ ಇಳಿಯಿತಲ್ಲ! ಮೊದಲು ಯಂತ್ರ ಆರಿಸಿದ 25 ಸೆಕೆಂಡಿಗೆ ಐವತ್ತು ವೋಲ್ಟಿಗಿಂತ ಕೆಳಕ್ಕೆ ಬರುತ್ತಿದ್ದುದು, ಈಗ 80 ಸೆಕೆಂಡು ಕಳೆದರೂ ಬರುವುದಿಲ್ಲ. ಯಂತ್ರದ ಆಯುಷ್ಯ ಹೆಚ್ಚಿಸಲು ಹೋಗಿ ಮುಚ್ಚಳ ತೆಗೆಯುವವನ ಆಯುಷ್ಯವನ್ನು ಒತ್ತೆಯಿಟ್ಟ ಹಾಗಾಗುತ್ತದೆ. ಆದರೂ ಹೊಸ ರೋಧಕಗಳನ್ನೇ ಹಾಕಿದೆ. ಜೊತೆಗೆ, ಆರಿಸಿ ಐದು ನಿಮಿಷ ಕಾಯುವುದು, ಮೀಟರನ್ನು ನಂಬದೆ ನೆಲತಂತಿ ಕಟ್ಟಿದ ಅವಾಹಕ ಕೋಲಿನಿಂದ ಮುಟ್ಟಿಸಿ ನೋಡುವುದು, ಅಷ್ಟು ಹೊತ್ತೂ ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಎಂಬ ಕಟ್ಟಳೆಯನ್ನೂ ಹಾಕಿಕೊಂಡೆ.

ಉಳಿದವು ಚಿಲ್ಲರೆ ಕೆಲಸಗಳು. ಹಳೆಯ ರಿಲೇ ತಂತಿಯಲ್ಲಿ 120 ವೋಲ್ಟಿನಷ್ಟು ಇರುತ್ತದೆ. ಇಂದಿನ ಪ್ರೇಷಕಗಳ ನಾಜೂಕು ಟ್ರಾನ್ಸಿಸ್ಟರುಗಳಿಗೆ ಅದು ತಾಳದು. ಸಣ್ಣ ಮಂಡಲವೊಂದನ್ನು ನಡುವೆ ಹಾಕಿ ಅದನ್ನು 12 ವೋಲ್ಟಿಗೆ ಇಳಿಸಿದೆ. ಫ್ಯಾನಿಗೆ ಎರಡು ತೊಟ್ಟು ಎಣ್ಣೆ.

ಹಳೆಯ ಯಂತ್ರವನ್ನು ಇದ್ದಂತೆಯೇ ಕಾಪಾಡಬೇಕು, ತಿದ್ದುವುದು ಅಪಚಾರ ಎನ್ನುವ ಮಿತ್ರರಿದ್ದಾರೆ. ಗಾಜಿನ ಬೀರುವಿನಲ್ಲಿಡುವ ಯಂತ್ರಕ್ಕೆ ಅವರ ಮಾತು ಒಪ್ಪತಕ್ಕದ್ದೇ. ಕೆಲಸ ಮಾಡಬೇಕಾದ ಯಂತ್ರದ ಮಾತು ಬೇರೆ. ಅಲ್ಲದೆ ನಮ್ಮ ದೇಶದ ಸಾಮಾನ್ಯ ದರ್ಜೆಯ ಪರವಾನಗಿಗೆ 400 ವ್ಯಾಟಿನ ಮಿತಿಯಿದೆ. ಸಾವಿರ ವ್ಯಾಟು ಕೊಡಬಲ್ಲ ಈ ವಾಲ್ವುಗಳು ಇಲ್ಲಿ ಅರ್ಧಕ್ಕಿಂತ ಕಡಮೆ ದುಡಿಮೆಯಲ್ಲಿ ನೆಮ್ಮದಿಯಾಗಿರುತ್ತವೆ.

ನಾನು ಹೊಸ ತೂತು ಕೊರೆಯಲಿಲ್ಲ, ಹಳೆಯ ತಂತಿಯ ಕಟ್ಟು ಬಿಚ್ಚಲಿಲ್ಲ. ತೆಗೆದ ಎಂಟು ರೋಧಕಗಳು ಕೈಪಿಡಿಯ ಜೊತೆಗೆ ಪೊಟ್ಟಣದಲ್ಲಿವೆ. ಬದಲಾವಣೆಗಳ ನಕ್ಷೆಯನ್ನು ಬರೆದು ಮುಚ್ಚಳದ ಹೊರಮೈಗೆ ಅಂಟಿಸಿದ್ದೇನೆ. ಅದರ ಮೊದಲ ಸಾಲಿನಲ್ಲಿ, ಕೆಂಪು ಶಾಯಿಯಲ್ಲಿ, ಐದು ನಿಮಿಷ ಎಂದಿದೆ.