ಅಮೆರಿಕದಲ್ಲಿ ಫಿಸಿಯೋಥೆರಪಿ ಶಿಕ್ಷಣ: ಪ್ರವೇಶವೂ ಪದವಿಯೂ

ಪಾರ್ಶ್ವವಾಯುವಿನಿಂದ ಸೋತ ಕೈಗೆ, ಶಸ್ತ್ರಕ್ರಿಯೆಗೊಳಗಾದ ಮೊಣಕಾಲಿಗೆ ಚಲನೆಯನ್ನು ಮರಳಿಸುವ ವಿದ್ಯೆಯೇ ಭೌತಚಿಕಿತ್ಸೆ, ಅರ್ಥಾತ್ ಫಿಸಿಯೋಥೆರಪಿ. ಭಾರತದಲ್ಲಿ ಹನ್ನೆರಡನೆಯ ತರಗತಿಯ ಬಳಿಕ ಇದರ ವ್ಯಾಸಂಗಕ್ಕೆ ಸೇರಬಹುದು. ಅಮೆರಿಕದಲ್ಲಾದರೋ ಇದು ಬಹುಮಟ್ಟಿಗೆ ಪದವಿಯ ನಂತರದ ವ್ಯಾಸಂಗ. 2016ರಿಂದ ಅಲ್ಲಿನ ಮಾನ್ಯತೆ ಪಡೆದ ಶಿಕ್ಷಣಕ್ರಮಗಳೆಲ್ಲವೂ ‘ಡಾಕ್ಟರ್ ಆಫ್ ಫಿಸಿಕಲ್ ಥೆರಪಿ’ ಪದವಿಯನ್ನೇ ನೀಡುತ್ತವೆ. ಅವಧಿ ಸಾಮಾನ್ಯವಾಗಿ ಮೂರು ವರ್ಷ.

ಪ್ರವೇಶಾರ್ಥಿಯ ಮೊದಲ ಪದವಿ ವಾಣಿಜ್ಯದ್ದಾದರೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಅಂಗರಚನೆ, ಶರೀರಕ್ರಿಯೆ, ರಸಾಯನ, ಭೌತವಿಜ್ಞಾನ, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ ಮುಂತಾದ ವಿಷಯಗಳಲ್ಲಿ ತೇರ್ಗಡೆಯಾಗಿರಬೇಕು. ಚಿಕಿತ್ಸಾಲಯದಲ್ಲಿ ನಿಂತು ರೋಗಿಗಳ ಆರೈಕೆಯನ್ನು ಕಣ್ಣಾರೆ ಕಂಡ ಗಂಟೆಗಳ ಲೆಕ್ಕವನ್ನೂ ಶಿಫಾರಸು ಪತ್ರಗಳನ್ನೂ ಹಲವು ವಿಶ್ವವಿದ್ಯಾನಿಲಯಗಳು ಕೇಳುತ್ತವೆ.

ಪದವಿಗೆ ತರಗತಿಯ ಪಾಠವಷ್ಟೇ ಸಾಲದು. ಕನಿಷ್ಠ 30 ವಾರಗಳ ಪೂರ್ಣಕಾಲಿಕ ಚಿಕಿತ್ಸಾನುಭವವೂ ಆಗಬೇಕು. ಪದವಿ ದೊರೆತ ಮಾತ್ರಕ್ಕೆ ವೃತ್ತಿಯ ಅಧಿಕಾರ ಬಾರದು. ರಾಷ್ಟ್ರೀಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಆಯಾ ರಾಜ್ಯದ ಪರವಾನಗಿಯನ್ನು ಪಡೆಯತಕ್ಕದ್ದು. ಭಾರತದಲ್ಲಿ ಬಿ.ಪಿ.ಟಿ. ಮುಗಿಸಿ ಹೋದವರು ತಮ್ಮ ಶಿಕ್ಷಣದ ಸಮಾನತೆಯನ್ನೂ ಸಿದ್ಧಪಡಿಸಬೇಕಾಗುತ್ತದೆ.

ಮಾನ್ಯತೆಯಿಲ್ಲದ ಶಿಕ್ಷಣಕ್ರಮಕ್ಕೆ ಸೇರಿದವರಿಗೆ ಆ ಪರೀಕ್ಷೆಯ ಬಾಗಿಲೇ ಮುಚ್ಚಬಹುದು. ಸಾಲ ಮಾತ್ರ ಉಳಿಯುತ್ತದೆ. ಆದುದರಿಂದ ಮನೆಯನ್ನು ಅಡವಿಟ್ಟು ಸಾಲಪತ್ರಕ್ಕೆ ರುಜು ಹಾಕುವ ಮುನ್ನ ಮಾನ್ಯತೆಯನ್ನು ವಿಚಾರಿಸುವುದು ತಂದೆತಾಯಿಗಳ ಮೊದಲ ಕರ್ತವ್ಯ.